ಕಟ್ಟಿದ ಪೈಪು, ಊದಿದ ಮೂಗು

ಬೀದಿಯವರೆಲ್ಲ ಅವನನ್ನು ಪೈಪಣ್ಣ ಎಂದೇ ಕರೆಯುತ್ತಿದ್ದರು. ಕಟ್ಟಿಕೊಂಡ ಪೈಪು ಅವನ ಕೈಗೆ ಸಿಕ್ಕಿತೆಂದರೆ ಮುಗಿಯಿತು, ಬಿಡಿಸಿಯೇ ತೀರುವನು. ಆದರೆ ಕೈಗಿಂತ ಅವನ ಮೂಗು ಚುರುಕು. ಬಚ್ಚಲಿನ ಬಾಗಿಲಲ್ಲಿ ನಿಂತು ಒಮ್ಮೆ ಮೂಸಿದರೆ ಸಾಕು, ಕೊಳಚೆ ಯಾವ ಗೋಡೆಯೊಳಗೆ ಸೋರುತ್ತಿದೆ ಎಂದು ಹೇಳಿಬಿಡುವನು. ಸುಮ್ಮಸುಮ್ಮನೆ ಟೈಲ್ಸ್ ಒಡೆಯುವ ಪ್ರಮೇಯವೇ ಇರಲಿಲ್ಲ.

ಅಂಥ ಮೂಗೇ ನೆಗಡಿ ಬಂದು ಕಟ್ಟಿಕೊಂಡಿತು. ಮೂಗಿಗೆ ಬಿಡುವ ಹನಿ ತಂದ. ಬಿಟ್ಟ ಸ್ವಲ್ಪ ಹೊತ್ತಿಗೆ ಉಸಿರು ಸಲೀಸಾಯಿತು. ಸಂಜೆ ಮತ್ತೆ ಕಟ್ಟಿತು, ಮತ್ತೆ ಬಿಟ್ಟ. ನೆಗಡಿ ಹೋಗಿ ವಾರಗಳಾದರೂ ಸೀಸೆ ಜೇಬು ಬಿಡಲಿಲ್ಲ. ಪೈಪಿನವನ ಲೆಕ್ಕ ಸರಳ: ಕಟ್ಟಿದೆ ಎಂದರೆ ಒಳಗೆ ಏನೋ ಕೂತಿದೆ, ಇನ್ನಷ್ಟು ಸುರಿದರೆ ಕೊಚ್ಚಿಹೋಗುತ್ತದೆ. ಕೊನೆಗೊಂದು ಮನೆಯಲ್ಲಿ ವಾಸನೆಯೇ ಸಿಗದೆ ತಪ್ಪು ಗೋಡೆ ಒಡೆದ. ಮನೆಯಾಕೆ ಬೈಯಲಿಲ್ಲ, ಅದೇ ಅವನಿಗೆ ಹೆಚ್ಚು ಚುಚ್ಚಿತು. ಮೂಗು ಹೋದರೆ ಕಸುಬೂ ಹೋದಂತೆ ಎಂದು ನಿಜಕ್ಕೂ ಹೆದರಿದ.

ನೇರ ಔಷಧಿ ಅಂಗಡಿಗೆ ನಡೆದ. "ಅಕ್ಕಾ, ಇನ್ನೂ ಜೋರಾಗಿರೋದು ಕೊಡಿ. ಮಾತ್ರೆ ಆದ್ರೂ ಸರಿ."

"ನೀನು ಬಿಪಿ ಇರೋನು. ಮೂಗು ಬಿಡಿಸೋ ಮಾತ್ರೆ ಬಿಪಿ ಏರಿಸುತ್ತೆ, ಕೊಡಲ್ಲ," ಎಂದಳು ಅಂಗಡಿಯಾಕೆ. "ಹನಿ ಎಷ್ಟು ದಿನದಿಂದ ಬಿಡ್ತಿದೀಯ?"

"ತಿಂಗಳಾಯ್ತೇನೋ."

"ಮೂರು ದಿನ, ಹೆಚ್ಚಂದ್ರೆ ಐದು ದಿನ ಬಿಡೋ ಔಷಧಿ ಅದು. ನಿನ್ನ ಪೈಪಲ್ಲಿ ಕಸ ಇಲ್ಲ ಕಣಪ್ಪ, ಪೈಪೇ ಊದಿದೆ. ಹನಿ ಬಿದ್ರೆ ಒಳಗಿನ ರಕ್ತನಾಳ ಕುಗ್ಗಿ ದಾರಿ ಬಿಡುತ್ತೆ. ದಿನಾ ಬಿಡ್ತಾ ಹೋದ್ರೆ, ಅದರ ಕೆಲಸ ಮುಗಿದ ತಕ್ಷಣ ಮೊದಲಿಗಿಂತ ಜಾಸ್ತಿ ಊದುತ್ತೆ. ಈಗ ಮೂಗು ಕಟ್ಟಿಸ್ತಿರೋದೇ ಆ ಸೀಸೆ."

ಊದುವ ಪೈಪನ್ನು ಅವನು ಜನ್ಮದಲ್ಲಿ ಕಂಡಿರಲಿಲ್ಲ. ತಲೆ ಕೆರೆದುಕೊಂಡ. "ಹಾಗಾದ್ರೆ ಮೊದಲು ಒಂದು ವಾಲ್ವ್ ಬಂದ್ ಮಾಡ್ತೀನಿ."

"ಮಾಡು. ಒಂದು ಹೊಳ್ಳೆಗೆ ನಿಲ್ಸು, ಅದು ಸರಿಹೋದ ಮೇಲೆ ಇನ್ನೊಂದಕ್ಕೆ. ಉಪ್ಪುನೀರಿನ ಸ್ಪ್ರೇ ಹಾಕ್ಕೋ. ಆಗಲೂ ಆಗದಿದ್ರೆ ಡಾಕ್ಟರ ಹತ್ರ ಹೋಗು."

ಶುರುವಿನ ದಿನಗಳು ಪ್ರಾಣ ಹಿಂಡಿದವು. ಎರಡು ದಿಂಬಿಗೆ ಒರಗಿ, ಬಾಯಲ್ಲೇ ಉಸಿರಾಡಿದ. "ನಿಮ್ಮ ಗೊರಕೆಗೆ ಪಕ್ಕದ ಮನೆಯವರೂ ಎದ್ದು ಕೂತಿದಾರೆ," ಎಂದಳು ಹೆಂಡತಿ. ಅವನು ಮಾತ್ರ ಸೀಸೆ ಮುಟ್ಟಲಿಲ್ಲ.

ಎರಡೂ ಹೊಳ್ಳೆ ತೆರೆದ ಮೇಲೆ, ತಪ್ಪು ಗೋಡೆ ಒಡೆದಿದ್ದ ಅದೇ ಮನೆಗೆ ಹೋದ. ಆ ಬಚ್ಚಲಿಗೆ ಬೀಗ ಹಾಕಿ ಕಾದಿದ್ದ ಮನೆಯಾಕೆ ಬಾಗಿಲು ತೆಗೆದು ಸೆರಗಿನಿಂದ ಮೂಗು ಮುಚ್ಚಿಕೊಂಡಳು. ಪೈಪಣ್ಣ ಕಣ್ಣು ಮುಚ್ಚಿ ಎದೆ ತುಂಬ ಉಸಿರೆಳೆದ.

"ಎಡಗಡೆ ಗೋಡೆ, ನಲ್ಲಿ ಕೆಳಗೆ," ಎಂದ. ಅವನ ಕಣ್ಣಲ್ಲಿ ನೀರಾಡಿತು. "ಅಮ್ಮಾ, ಎಷ್ಟು ಚೆನ್ನಾಗಿ ನಾರ್ತಾ ಇದೆ."