ಹೊಳೆಪ್ಪನ ಬ್ಯಾಟರಿ ಗಾಡಿ

ಸಂಶಿಯ ಹೊಳೆಪ್ಪ ಇಪ್ಪತ್ತು ವರ್ಷ ಡೀಸೆಲ್ ಟೆಂಪೋದಲ್ಲಿ ನಮ್ಮೂರಿನ ಹಸಿಮೆಣಸಿನಕಾಯಿಯನ್ನು ಹುಬ್ಬಳ್ಳಿಗೆ ಒಯ್ದ. ಇನ್ನೊಂದು ಚೀಲ ಹೇರೆಂದರೆ ಯಾರಿಗೂ ಒಲ್ಲೆ ಎಂದವನಲ್ಲ. ಡೀಸೆಲ್ ಖರ್ಚು ತಾಳದೆ ಟೆಂಪೋ ಮಾರಿ ಬ್ಯಾಟರಿ ಗಾಡಿ ತಂದ. ಹತ್ತು ಚೀಲ ಹೇರಿದರೆ ಅದು ಹುಬ್ಬಳ್ಳಿಗೆ ಸುಖವಾಗಿ ಹೋಗಿ ಬರುತ್ತಿತ್ತು. ಖರ್ಚು ಡೀಸೆಲ್ಲಿನ ಕಾಲುಭಾಗವೂ ಇಲ್ಲ.

ಮೊದಲ ವಾರವೇ ನಮ್ಮೂರ ರೈತ ಸಂಗನಬಸವ ಇಪ್ಪತ್ತೆರಡು ಚೀಲ ಹೇರಿಸಿದ. ಹಳೆಯ ರೂಢಿಯಂತೆ ಹೊಳೆಪ್ಪ ಒಲ್ಲೆ ಎನ್ನದೆ ಗಾಡಿ ಹೊರಡಿಸಿದ. ಅರ್ಧ ದಾರಿಯಲ್ಲಿ ಮೋಟರು ಕಾದು ಗಾಡಿ ನಿಂತಿತು. ಸಂಗನಬಸವ ಹಿಂದೆ ಬಂದ ಲಾರಿಗೆ ಚೀಲ ಹಾಕಿಸಿ, ತಾನೂ ಹತ್ತಿ ಕೂಗಿದ:

“ಕಾಕಾ, ನಿನ್ನ ಗಾಡಿ ಬಾಳಂತಿ ಆಗೇತಿ. ಗಾಳಿ ಹಾಕ್ಕೋತ ಕುಂದ್ರು!”

ಮರುದಿನದಿಂದ ಹೊಳೆಪ್ಪ ಹತ್ತು ಚೀಲದ ಮೇಲೆ ಒಲ್ಲೆ ಎಂದ. ಗಾಡಿ ನಿಂತದ್ದನ್ನು ಊರು ಕ್ಷಮಿಸುತ್ತಿತ್ತೇನೋ, ಒಲ್ಲೆ ಎಂದದ್ದನ್ನು ಕ್ಷಮಿಸಲಿಲ್ಲ. ಒಬ್ಬರೂ ಒಂದು ಚೀಲ ಕೊಡಲಿಲ್ಲ.

ಎಂಟನೆಯ ದಿನ, ಊರ ಕಟ್ಟೆಯ ಮುಂದೆ ನಿಂತಿದ್ದ ಗಾಡಿಯ ಹತ್ತಿರ ನಮ್ಮೂರ ಮಹಾದೇವಕ್ಕ ಬಂದಳು. “ಹೊಳೆಪ್ಪಣ್ಣ, ನಮ್ಮ ಎಮ್ಮಿ ಸತ್ತೈತಿ. ಊರ ಹೊರಗ ಒಗದ ಬರ್ತೀಯೇನು?”

ಬೇರೆ ಬಾಡಿಗೆ ಇರಲಿಲ್ಲ. ಹೊಳೆಪ್ಪ ತಲೆ ತಗ್ಗಿಸಿ, “ತೂಕ ಎಷ್ಟೈತಿ, ಅಕ್ಕಾ?” ಎಂದು ಕೇಳಿದ.

ಕಟ್ಟೆಯ ಮೇಲಿದ್ದವರೆಲ್ಲ ಹೊಟ್ಟೆ ಹಿಡಿದು ನಕ್ಕರು. ನಾನೂ ನಕ್ಕೆ.