ಶ್ರದ್ಧಾಂಜಲಿಯ ದಿನ ಕೂಗಿದ ಮೊದಲ ಕೇಸು

ಮೈಕು ಕೈಕೊಡಬಹುದಿತ್ತು. ಜಡ್ಜು ರಜೆ ಹಾಕಬಹುದಿತ್ತು. ಪಿರಿಯಾಪಟ್ಟಣದ ಹಳೆಯ ಕಾರ್ಯಕರ್ತರು ಹಾರ ಹಿಡಿದು ಬಂದು ಕೋರ್ಟ್ ಹಾಲಿನಲ್ಲೇ ಜೈಕಾರ ಕೂಗಬಹುದಿತ್ತು. ನಾನು ಬರೆದುಕೊಂಡ ಚೀಟಿ ಕಳೆಯಬಹುದಿತ್ತು, ಗಾಬರಿಯಲ್ಲಿ ತೀರಿಕೊಂಡವರ ಬದಲು ಅವರನ್ನು ಚುನಾವಣೆಯಲ್ಲಿ ಸೋಲಿಸಿದವರ ಹೆಸರೇ ಬಾಯಿಗೆ ಬರಬಹುದಿತ್ತು. ಕೆ.ಆರ್. ನಗರದಿಂದ ಹುಣಸೂರಿಗೆ ಬರುವ ಬಸ್ಸಿನಲ್ಲಿ ಇಷ್ಟನ್ನೂ ಎರಡು ಸಲ ಯೋಚಿಸಿ ಮುಗಿಸಿದ್ದೆ.

ತೀರಿಕೊಂಡವರು ನನ್ನ ಸೀನಿಯರ್ ವಕೀಲರು. ಒಂದು ಅವಧಿಗೆ ಶಾಸಕರೂ ಆಗಿದ್ದರು. ಎರಡನೆಯ ಚುನಾವಣೆ ಸೋತ ಮರುವಾರವೇ ಹಳೆಯ ಕರಿಕೋಟು ತೊಟ್ಟು ಕೋರ್ಟಿಗೆ ವಾಪಸ್ಸಾದರು. "ವಿಧಾನಸೌಧದಲ್ಲಿ ನನ್ ಮಾತು ಯಾರೂ ಕೇಳ್ತಿರ್ಲಿಲ್ಲ ಕಣಯ್ಯ. ಇಲ್ಲಿ ಜಡ್ಜಾದ್ರೂ ಕೇಳ್ಲೇಬೇಕು," ಎಂದು ನಗುತ್ತಿದ್ದರು. ಎನ್. ಬೇಗೂರಿನ ಕಕ್ಷಿದಾರರಿಗೆ ಬಸ್ಸು ತಪ್ಪಬಾರದೆಂದು ಅವರನ್ನೇ ಮೊದಲು ಮಾತಾಡಿಸಿ ಕಳಿಸುತ್ತಿದ್ದರು. ಅವರ ಕೈಕೆಳಗೆ ಇಪ್ಪತ್ತು ವರ್ಷ ಇದ್ದು, ತಲೆ ಪೂರ್ತಿ ನರೆತ ಮೇಲೂ ಜೂನಿಯರ್ ಆಗಿಯೇ ಉಳಿದ ಕೀರ್ತಿ ನನ್ನದು.

ವಕೀಲರೊಬ್ಬರು ಸತ್ತರೆ ಕೋರ್ಟು ಕೂತ ಕೂಡಲೇ ಶ್ರದ್ಧಾಂಜಲಿ. ಆಮೇಲೆ ಆ ದಿನದ ಕೇಸುಗಳನ್ನು ಕೂಗಿ ಬೇರೆ ತಾರೀಖು ಕೊಡುತ್ತಾರೆ, ಅಷ್ಟೆ. ಮಾತಾಡುವ ಸರದಿ ನನಗೆ ಬಂದಿತ್ತು.

ಅವರ ಹೆಂಡತಿ ಅಂದೇ ಮೊದಲ ಸಲ ಕೋರ್ಟಿಗೆ ಬಂದಿದ್ದರು. ಬಾಗಿಲಲ್ಲೇ ನನ್ನನ್ನು ನಿಲ್ಲಿಸಿಕೊಂಡರು.

"ನೋಡಪ್ಪ, ಜನರೆದ್ರಿಗೆ ನನ್ನ ಅಳಿಸ್ಬ್ಯಾಡ. ಅವ್ರಿಗೆ ಅದು ಆಗ್ತಿರ್ಲಿಲ್ಲ. ಒಣಒಣಾಗಿ ಮಾತಾಡ್ಬುಡು."

"ಅದೊಂದು ನಂಗೆ ಚೆನ್ನಾಗಿ ಬತ್ತದೆ ಕಣಮ್ಮ."

"ಅದಕ್ಕೇ ಅಲ್ವ ಕಣ್ಲಾ, ನೀನು ಕೇಸೆಲ್ಲ ಸೋಲೋದು," ಎಂದ ಪಕ್ಕದಲ್ಲಿದ್ದ ವಕೀಲ ಗೆಳೆಯ. ಆ ತಾಯಿ ತುಸು ನಕ್ಕರು.

ಒಣದಾಗಿಯೇ ಮಾತಾಡಿದೆ. ಓದಿದ್ದು, ಗೆದ್ದದ್ದು, ಸೋತದ್ದು, ಬೇಗೂರಿನ ಬಸ್ಸು. ಎಲ್ಲರೂ ಎದ್ದು ಮೌನವಾಗಿ ನಿಂತರು. ಅವರ ಹೆಂಡತಿಯ ಕಣ್ಣು ಒದ್ದೆಯಾಗಲಿಲ್ಲ. ಸದ್ಯ, ಮುಗಿಯಿತು ಎಂದುಕೊಂಡು ಕೂತೆ.

ಗುಮಾಸ್ತರು ಮೊದಲ ಕೇಸು ಕೂಗಿದರು. ನಮ್ಮದೇ, ಅಣ್ಣತಮ್ಮಂದಿರ ಪಾಲಿನ ದಾವೆ. ಎದ್ದು ನಿಂತು ಬೇರೆ ತಾರೀಖು ಕೇಳಿದ್ದರೆ ಸಾಕಿತ್ತು. ಆದರೆ ಸೀನಿಯರ್ ಬರುವುದು ತಡವಾದಾಗಲೆಲ್ಲ ಇಪ್ಪತ್ತು ವರ್ಷ ಹೇಳಿದ್ದ ಮಾತು ತಾನಾಗಿ ಹೊರಟುಬಿಟ್ಟಿತು:

"ನಮ್ಮ ಸೀನಿಯರ್ ದಾರೀಲಿದ್ದಾರೆ ಸ್ವಾಮಿ. ಕೊಂಚ ಬಿಟ್ಟು ಕರೀಬೇಕು."

ಯಾರೂ ನಗಲಿಲ್ಲ. ಹಿಂದಿನ ಬೆಂಚಿನಲ್ಲಿ ಅವರ ಹೆಂಡತಿ ಥಟ್ಟನೆ ಬಾಗಿಲ ಕಡೆ ತಿರುಗಿ ನೋಡಿದರು. ಆಮೇಲೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು.