ಪ್ಲಗ್ ಕಿತ್ತರೂ ದಾರಿ ತಪ್ಪದಂತೆ

2010ರ ಮೇ ತಿಂಗಳ ಕೊನೆ, ಬೆಳಗಿನ ಆರು ಗಂಟೆ. ಗೋವಾದ ಪರ್ವರಿಯ ಎರಡನೇ ಮಹಡಿಯ ಮನೆಯೊಂದರಲ್ಲಿ ದೇವಲಪ್ಪ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದಾರೆ. ಕೈಯಲ್ಲಿ ಸ್ಕ್ರೂಡ್ರೈವರ್ ಕೂಡ ಇಲ್ಲ, ಏನನ್ನೂ ಮುಟ್ಟದೆ, ಬೆಳಿಗ್ಗೆ ರೂಟರಿಗೆ ಏನಾಗುತ್ತದೆಂದು ಸುಮ್ಮನೆ ನೋಡುತ್ತಿದ್ದಾರೆ. ನಾಲ್ಕು ದಿನದಲ್ಲಿ ಈ ಮನೆಗೆ ಇದು ಮೂರನೇ ಸಲ. ಎರಡು ಸಲವೂ ಸರಿಮಾಡಿ ಹೋದದ್ದು ಮರುದಿನ ಬೆಳಗಾಗುವಷ್ಟರಲ್ಲಿ ಕೆಟ್ಟಿದೆ. "ಮಾಡಿದ ಕೆಲಸ ನಿಂದ್ರವಲ್ದು ಅಂದ್ರ ಉಂಡ ಅನ್ನ ಮೈಗೆ ಹತ್ತಂಗಿಲ್ರಿ" ಎನ್ನುತ್ತಾರೆ.

ಈ ಮನೆಯ ಸೊಸೆ ಧನಶ್ರೀ ಕಟ್ಟಡಗಳ ನಕ್ಷೆ ಬರೆಯುವವರು. ಚೊಚ್ಚಲ ಬಾಣಂತನಕ್ಕೆಂದು ಏಳನೇ ತಿಂಗಳಿಗೇ ಧಾರವಾಡದ ತವರಿಗೆ ಹೋಗಿದ್ದಾರೆ. ನಕ್ಷೆಯ ಸಾಫ್ಟ್‌ವೇರ್ ಇರುವುದು ಪರ್ವರಿಯ ಈ ಕಂಪ್ಯೂಟರಿನಲ್ಲಿ ಮಾತ್ರ. ಹಾಗಾಗಿ ತವರಿನಲ್ಲಿ ಕೂತು, ಇಂಟರ್ನೆಟ್ಟಿನಿಂದ ಈ ಯಂತ್ರದೊಳಗೆ ಬಂದು, ಇಲ್ಲೇ ಇದ್ದವರಂತೆ ಕೆಲಸ ಮಾಡುತ್ತಾರೆ. ಒಳಗೆ ಬಿಡುವ ಬಾಗಿಲು ರೂಟರ್. ಅದು ನಾಲ್ಕು ದಿನದಿಂದ ಮುನಿಸಿಕೊಂಡಿದೆ. ಇವತ್ತು ಹತ್ತು ಗಂಟೆಯೊಳಗೆ ನಕ್ಷೆ ಬರದಿದ್ದರೆ ಕೆಲಸ ಬೇರೆಯವರಿಗೆ ಎಂದು ಪಣಜಿಯ ಆಫೀಸು ಹೇಳಿಬಿಟ್ಟಿದೆ. ಬಸುರಿ ಹೆಂಗಸಿಗೆ ಇಂಥ ಮಾತು ಆಡಲು ಬಾಯಾದರೂ ಹೇಗೆ ಬಂತೋ.

ಮುದ್ದೇಬಿಹಾಳದ ಕಡೆಯ ದೇವಲಪ್ಪ ಗೋವಾಕ್ಕೆ ಬಂದದ್ದು ಗಾರೆ ಕೆಲಸಕ್ಕೆ. ಸಾರವೆಯಿಂದ ಬಿದ್ದು ಎಡಗಾಲು ಸೊಟ್ಟಗಾದ ಮೇಲೆ ಕೇಬಲ್ ಎಳೆಯುವವರ ಜೊತೆ ಸೇರಿದರು. ಹತ್ತನೇ ಇಯತ್ತೆ ಫೇಲು. ಪರದೆಯ ಮೇಲಿನ ಇಂಗ್ಲಿಷ್ ಅಕ್ಷರಗಳನ್ನು ರಂಗೋಲಿ ಎಳೆದಂತೆ ಎಳೆದುಕೊಂಡು, ಪಕ್ಕದಲ್ಲಿ ಕನ್ನಡದಲ್ಲಿ ಅರ್ಥ ಬರೆದುಕೊಂಡು ಕಲಿತ ವಿದ್ಯೆ ಇದು. ಎಂಟು ವರ್ಷದ ಆ ನೋಟುಬುಕ್ಕು ಈಗಲೂ ಚೀಲದಲ್ಲಿದೆ. ಕೊರ್ತಾಲಿಮ್‌ನ ಬಾಡಿಗೆ ಕೋಣೆಯಿಂದ ಎರಡು ಸೇತುವೆ ದಾಟಿ ಬಂದು ದಿನಕ್ಕೆ ಆರು ಮನೆ ಮುಗಿಸುತ್ತಾರೆ. ಸ್ಕೂಟರು ಎಪ್ಪತ್ತು ಕಿಲೋಮೀಟರ್ ಓಡುತ್ತದೆ. ಗೇಟಿನ ರಿಜಿಸ್ಟರಿನಲ್ಲಿ ವಾಚ್‌ಮನ್ ಬರೆಯುವುದು ಮಾತ್ರ 'ಕೇಬಲ್‌ವಾಲಾ' ಎಂದು. ಹೆಸರು ಕೇಳುವ ಪುರಸೊತ್ತು ಯಾರಿಗಿದೆ?

ರೋಗವೇನೆಂದು ಕೇಳಿದರೆ ಅವರು ತಾವು ಹಿಂದೆ ಇದ್ದ, ಸಾಲು ಕೋಣೆಗಳ ಲೇಬರ್ ಚಾಳಿಗೆ ಕರೆದೊಯ್ಯುತ್ತಾರೆ. "ಪೋಸ್ಟ್‌ಮನ್ ಮೂರನೇ ಖೋಲಿ ಕಾಗದ ಮೂರನೇ ಖೋಲಿಗೇ ಕೊಡಾಂವ್ರಿ. ಅಲ್ಲಿದ್ದಾಂವ ಖೋಲಿ ಬದಲಿ ಮಾಡಿದ್ರ ಅವನೇನ್ ಮಾಡ್ಯಾನು? ರೂಟರ್ ಸುದ್ದಾ ಹಂಗ. ಬಂದಾಗಿ ಮತ್ತ ಚಾಲೂ ಆತಂದ್ರ, ಮೊದಲ ಎದ್ದ ಯಂತ್ರಕ್ಕ ಮೊದಲನೇ ಖೋಲಿ ಕೊಟ್ಟುಬಿಡ್ತೈತಿ." ಖೋಲಿ ಎಂದರೆ ರೂಟರ್ ಪ್ರತಿ ಯಂತ್ರಕ್ಕೂ ಕೊಡುವ ನಂಬರು. ಹಿಂದಿನ ಎರಡು ಸಲ ಕಂಪ್ಯೂಟರ್ ಯಾವ ನಂಬರಿನಲ್ಲಿತ್ತೋ ಅದಕ್ಕೇ ದಾರಿ ತೋರಿಸಿ ಹೋಗಿದ್ದರು. ರಾತ್ರಿ ರೂಟರ್ ಬಂದ್ ಮಾಡುತ್ತೀರಾ ಎಂದು ಧನಶ್ರೀಯ ಗಂಡ ರಘುವೀರರನ್ನು ಕೇಳಿದ್ದರು ಕೂಡ. ಇಲ್ಲವೇ ಇಲ್ಲ ಎಂದಿದ್ದರು ಅವರು.

ಅಷ್ಟರಲ್ಲಿ ರಘುವೀರರ ತಾಯಿ ಪದ್ಮಾಬಾಯಿ ಸ್ನಾನ ಮುಗಿಸಿ, ತಲೆಗೆ ಟವೆಲ್ ಸುತ್ತಿಕೊಂಡೇ ಬರುತ್ತಾರೆ. ನೇರ ಗೋಡೆಯ ಹತ್ತಿರ ಹೋಗಿ, ನೇತಾಡುವ ಪ್ಲಗ್ಗುಗಳನ್ನು ಒಂದೊಂದಾಗಿ ಸಿಕ್ಕಿಸುತ್ತಾರೆ. ಹೋದ ವರ್ಷ ಸಿಡಿಲಿಗೆ ಟಿ.ವಿ. ಸುಟ್ಟಿತ್ತು. ಅಂದಿನಿಂದ, ಈ ನಾಲ್ಕು ದಿನದಂತೆ ಗುಡುಗಿನ ದಿನ ಬಂದರೆ ಸಾಕು, ಮಗ ಮಲಗಿದ ಮೇಲೆ ಎಲ್ಲ ಕಿತ್ತಿಟ್ಟು, ಅವನೇಳುವ ಮುಂಚೆ ಮತ್ತೆ ಹಾಕುತ್ತಾರೆ. ಮಗ ಎದ್ದವನೇ ಲ್ಯಾಪ್‌ಟಾಪ್ ತೆರೆಯುತ್ತಾನೆ. ಸೊಸೆಯ ಕಂಪ್ಯೂಟರಿನ ಗುಂಡಿಯನ್ನು ಇವರು ಒತ್ತುವುದು ದೇವರ ಪೂಜೆ ಮುಗಿದ ಮೇಲೆ. ಅಷ್ಟರಲ್ಲಿ ಅದರ ಖೋಲಿ ಲ್ಯಾಪ್‌ಟಾಪಿನ ಪಾಲಾಗಿರುತ್ತದೆ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದಂತಾಯಿತು.

ದೇವಲಪ್ಪ ಹಣೆ ಹಣೆ ಬಡಿದುಕೊಳ್ಳುತ್ತಾರೆ. "ಸ್ವಿಚ್ ಹಾಕವ್ರನ್ನ ಬಿಟ್ಟು ಯಜಮಾನ್ರನ್ನ ಕೇಳಿದ್ನಲ್ರಿ."

ವಿಷಯ ತಿಳಿದು ಪದ್ಮಾಬಾಯಿ ಕುಸಿದು ಕೂರುತ್ತಾರೆ. "ಹಂಗಾರ ಸೊಸಿ ನೌಕರಿ ಕಳಿಯಾಕಿ ನಾನೇ ಏನಪಾ?" ಕಣ್ಣು ತುಂಬಿದೆ.

"ನೀವಲ್ರಿ ಬಾಯಾರ. ಯಂತ್ರಕ್ಕ ಕಾಯಂ ಖೋಲಿ ಕೊಡಬೇಕಿತ್ತು. ಕೊಡದಾಂವ ನಾನು."

ಹತ್ತು ನಿಮಿಷದ ಕೆಲಸ. ನೋಟುಬುಕ್ಕು ನೋಡಿ ಕಂಪ್ಯೂಟರಿಗೆ ಎಂದೂ ಬದಲಾಗದ ನಂಬರೊಂದನ್ನು ಕೊಟ್ಟು, ರೂಟರಿಗೂ ಅದನ್ನೇ ತೋರಿಸುತ್ತಾರೆ. ಆಮೇಲೆ ಪರೀಕ್ಷೆ. ಪದ್ಮಾಬಾಯಿಯ ಕೈಯಿಂದಲೇ ಎಲ್ಲ ಪ್ಲಗ್ ಕೀಳಿಸಿ, ಮತ್ತೆ ಹಾಕಿಸಿ, ರಘುವೀರರ ಲ್ಯಾಪ್‌ಟಾಪ್ ಮೊದಲು, ಕಂಪ್ಯೂಟರ್ ಕೊನೆಗೆ ಚಾಲೂ ಮಾಡಿಸುತ್ತಾರೆ. ಧಾರವಾಡಕ್ಕೆ ಫೋನ್ ಹೋಗುತ್ತದೆ. ಯಾರೂ ಮುಟ್ಟದೆಯೇ ಪರದೆಯ ಚಿತ್ರ ಅಳಿದು ಬೀಗದ ಗುರುತು ಬರುತ್ತದೆ. ದೂರದಿಂದ ಧನಶ್ರೀ ಒಳಗೆ ಬಂದರೆ ಇಲ್ಲಿನ ಪರದೆ ಹೀಗೆ ಮುಚ್ಚಿಕೊಳ್ಳುತ್ತದೆ.

"ಬಂದಳೇನು?"

"ಬಂದ್ರಿ ಬಾಯಾರ." ಗಂಟೆ ಏಳೂಕಾಲು.

ಏನಾಗಿತ್ತು ಎಂದು ಫೋನಿನಲ್ಲಿ ಧನಶ್ರೀ ಕೇಳುತ್ತಾರೆ. "ನಂದ ಒಂದು ಸೆಟಿಂಗ್ ಬಿಟ್ಟಿತ್ರಿ" ಎನ್ನುತ್ತಿದ್ದ ದೇವಲಪ್ಪನವರ ಕೈಯಿಂದ ಪದ್ಮಾಬಾಯಿ ಫೋನ್ ಕಸಿದುಕೊಳ್ಳುತ್ತಾರೆ. "ಇಲ್ಲಮ್ಮಾ, ಪ್ಲಗ್ ಕಿತ್ತಾಕಿ ನಾನು. ಇವಾ ನನ್ನ ಸಲುವಾಗಿ ಸುಳ್ಳ ಹೇಳ್ಲಿಕ್ಕತ್ತಾನ. ನೀ ಏನರೆ ತಿಂದು ಕೆಲಸಕ್ಕ ಕೂಡು."

ಚಹಾ ಕೊಡುತ್ತ ಪದ್ಮಾಬಾಯಿ, ಇನ್ನು ಮೇಲೆ ಗುಡುಗಿದರೂ ಪ್ಲಗ್ ಮುಟ್ಟುವುದಿಲ್ಲ ಎಂದು ಮಾತು ಕೊಡುತ್ತಾರೆ. ದೇವಲಪ್ಪ ಬೇಡವೆಂದು ತಲೆಯಾಡಿಸುತ್ತಾರೆ.

"ಯಾಕ್ರಿ ಬಾಯಾರ? ಅಂಜಿಕಿ ಬಂದ್ರ ಕೀಳ್ರಿ. ನೀವು ದಿನಾ ಕಿತ್ತು ಹಾಕಿದ್ರೂ ನಿಂದ್ರಬೇಕು. ಅದ ನನ್ನ ಕೆಲಸ."